ಪರಕಾರದ ಮಡಿಕೆಗಳು

ಧಾರವಾಡದ ಬಾಲಕಿಯರ ಆಶ್ರಯಧಾಮಕ್ಕೆ ಮಗಳನ್ನು ನೋಡಲು ಬಂದ ನೀಲವ್ವ, ತಾನೇ ಹೊಲಿದ ಪರಕಾರವನ್ನು, ಉದ್ದ ಲಂಗವನ್ನು, ಚೀಲದಿಂದ ತೆಗೆದಳು. ಮಗಳು ಬೆಳೆದ ಹಾಗೆ ಬಿಚ್ಚಿದರಾಯಿತೆಂದು ಅಂಚಿಗೆ ಮಡಿಕೆಗಳನ್ನು ಹಾಕಿದ್ದಳು.

ಸೋಪಿನ ಜಾಹೀರಾತಿನ ಮುಖ ಬದಲಾಗಬಾರದೆಂದು ಕಂಪನಿಯವರು ಮಗಳು ಶಿವಲೀಲಾಳನ್ನು ಹತ್ತು ವರ್ಷಗಳ ಕಾಲ ಆರು ವರ್ಷದವಳಾಗಿಯೇ ಇಟ್ಟಿದ್ದರು. ಬೆಳವಣಿಗೆ ತಡೆಯುವ ತಿಂಗಳ ಸೂಜಿಗೆ ಅವಳನ್ನು ತೊಡೆಯ ಮೇಲೆ ಹಿಡಿದು ಕೂರುತ್ತಿದ್ದವಳು ನೀಲವ್ವನೇ. ಓಣಿಯಲ್ಲಿ ಇನ್ನೂ ಕೆಲವು ಮನೆಗಳ ಮಕ್ಕಳು ಹಾಗೇ ಬೆಳೆಯದೆ ಇದ್ದರು. ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ. ಬೇಸಿಗೆಯಲ್ಲಿ ಕೋರ್ಟು ಹುಡುಗಿಯನ್ನು ಬಿಡಿಸಿ ಇಲ್ಲಿಗೆ ಕಳಿಸಿತು. ಇವತ್ತಿನವರೆಗೆ ತಾಯಿಗೆ ಭೇಟಿಯ ಅನುಮತಿ ಇರಲಿಲ್ಲ. ಸೂಜಿ ಬಿಟ್ಟ ಮೇಲೆ ತಡೆದಿಟ್ಟ ಬೆಳವಣಿಗೆ ಒಮ್ಮೆಲೇ ಬರುತ್ತದೆಂದು ಅವಳು ಕೇಳಿದ್ದಳು. ಇಷ್ಟು ಬೇಗ ಅಂತ ತಿಳಿದಿರಲಿಲ್ಲ.

ಬಾಗಿಲಿಗೆ ಬಂದ ಹುಡುಗಿ ಅವಳಿಗಿಂತ ಎತ್ತರವಿದ್ದಳು. ನಡುವಿಗೆ ಹಿಡಿದರೆ ಪರಕಾರ ಮೊಣಕಾಲಿಗೂ ಬರಲಿಲ್ಲ.

"ತಡಿ, ಬಿಚ್ತೇನಿ," ಅಂದವಳೇ ನೀಲವ್ವ ಹಲ್ಲಿನಿಂದ ದಾರ ಕಡಿದು ಎಲ್ಲ ಮಡಿಕೆಗಳನ್ನೂ ಬಿಚ್ಚಿದಳು. ಮೊಣಕಾಲು ಮುಚ್ಚಿತು, ಅಷ್ಟೇ. "ಇರಲಿ, ಮುಂದಿನ ಸಲ ಇನ್ನೂ ಜಾಸ್ತಿ ಮಡಿಕಿ ಹಾಕ್ತೇನಿ."

ಶಿವಲೀಲಾ ಪರಕಾರವನ್ನು ಮಡಚಿ ತಾಯಿಯ ತೊಡೆಯ ಮೇಲಿಟ್ಟಳು.

"ಮಡಿಕಿ ಬ್ಯಾಡವ್ವ. ಡಾಕ್ಟರು ಹೇಳ್ಯಾರ, ನಾ ಬೆಳಿಯೂದು ಮುಗೀತಂತ."