ಹೋಗಲಿ ಬಿಡು

ತಂಗಿಯ ಫೋನ್ ಬಂದರೆ ಇಂದುಮತಿ ಸ್ಪೀಕರ್ ಹಾಕಿಟ್ಟು ಚಪಾತಿ ಲಟ್ಟಿಸುತ್ತಿದ್ದಳು. ಹಾಲು ಉಕ್ಕಿ ಹೋದರೂ ತಂಗಿ ಅಳುತ್ತಿದ್ದಳು, ಗಂಡ ಕೈ ಮಾಡಿದರೂ ಅಳುತ್ತಿದ್ದಳು. "ಹೋಗ್ಲಿ ಬಿಡೇ" ಎಂದು ನಾಲ್ಕು ಸಲ ಅಂದರೆ ಅಳು ತಾನಾಗಿ ನಿಲ್ಲುತ್ತಿತ್ತು. "ಕನ್ನಂಬಾಡಿ ಗೇಟ್ ತೆಗೆದ್ರಾ?" ಎಂದು ಇಂದುಮತಿಯ ಗಂಡ ಪಡಸಾಲೆಯಿಂದಲೇ ನಗುತ್ತಿದ್ದ.

ಇವತ್ತೂ ಫೋನ್ ಬಂತು.

"ಅಕ್ಕಾ, ಊಟ ಆಯ್ತಾ?"

"ಇನ್ನೂ ಇಲ್ಲ. ಏನೇ, ಮತ್ತೆ ಹೊಡೆದ್ನಾ?"

"ಹ್ಞೂಂ. ಹೋಗ್ಲಿ ಬಿಡು. ನಿನ್ನ ಹಸಿರು ಸೀರೆ ನನ್ನ ಹತ್ರಾನೇ ಉಳಿದಿತ್ತಲ್ಲ, ಒಗೆದು ಇಸ್ತ್ರಿ ಮಾಡಿಟ್ಟಿದೀನಿ. ಯಾವಾಗಾದ್ರೂ ಬಂದು ತಗೊಂಡು ಹೋಗು."

ಲಟ್ಟಣಿಗೆ ನಿಂತಿತು. ಇಂದುಮತಿ ಒಲೆ ಆರಿಸಿದಳು.

"ರೀ, ಗಾಡಿ ತೆಗೀರಿ. ಅವಳ ಮನೆಗೆ ಹೋಗೋಣ."

"ಯಾಕೆ, ಇವತ್ತು ಜಾಸ್ತಿ ಅಳ್ತಿದಾಳಾ?"

"ಅಳ್ತಾನೇ ಇಲ್ಲ."