ಸೋಮವಾರದ ತಪ್ಪುಗಳು

‘ಪ್ರಿಯ ಶ್ರೀ ನೆವೆನ್ ಅವರೇ, ತಮ್ಮ ಬ್ಲಾಗಿನ ಓದುಗರಿಗೆ ನಮ್ಮ ಹೊಸ ಗಡ್ಡದ ಎಣ್ಣೆಯನ್ನು ಪರಿಚಯಿಸಲು ಹರ್ಷಿಸುತ್ತೇವೆ.’

ಮಲಗಿದ್ದಲ್ಲೇ ಫೋನಿನಲ್ಲಿ ಇದನ್ನು ಓದಿದವಳು ಶ್ರೀಯೂ ಅಲ್ಲ, ನೆವೆನ್ನೂ ಅಲ್ಲ. ಹೆಸರು ನೆವೆನಾ. ಪ್ಲೋವ್ದಿವ್ ನಗರದ ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ನಿವೃತ್ತಳಾದ ಮೇಲೆ ಚಳಿಗಾಲಕ್ಕೆಂದು ಜಾಡಿಗಳಲ್ಲಿ ತುಂಬಿಡುವ ತಿನಿಸುಗಳ ಬಗ್ಗೆ ಬ್ಲಾಗ್ ಬರೆಯುತ್ತಿದ್ದಳು. ಸುಟ್ಟ ಮೆಣಸಿನಕಾಯಿ, ಹುಳಿ ಬಂದ ಎಲೆಕೋಸು, ಪ್ಲಮ್ ಹಣ್ಣಿನ ಪಾಕ. ಅದೆಲ್ಲ ಮಾರ್ಚ್‌ವರೆಗೆ.

ಮಾರ್ಚ್‌ನಲ್ಲಿ ಮಗಳು ರಲಿತ್ಸಾ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೂವತ್ತನಾಲ್ಕು ವರ್ಷ. ಊರಿನ ವಾಡಿಕೆಯಂತೆ ಕಟ್ಟಡದ ಮುಂಬಾಗಿಲಿಗೆ ಅಂಟಿಸಿದ ಸಾವಿನ ಸೂಚನೆಯ ಫೋಟೋದಲ್ಲಿ ಅವಳು ನಗುತ್ತಿದ್ದಳು. ಸ್ಮಶಾನದಿಂದ ಬಂದ ಮೇಲೆ ನೆವೆನಾ ಆ ಬಾಗಿಲು ದಾಟಲಿಲ್ಲ. ಫೋನಿಗೆ ಉತ್ತರಿಸಲಿಲ್ಲ. ಮೇಲಿನ ಮನೆಯ ತ್ಸೊಂಕಾ ಹೊಸ್ತಿಲಲ್ಲಿಟ್ಟು ಹೋದ ಸೂಪು ಅಲ್ಲೇ ಆರುತ್ತಿತ್ತು.

ಆದರೆ ಶ್ರೀ ನೆವೆನ್? ಗಡ್ಡದ ಎಣ್ಣೆ?

ಅರ್ಧ ಗಂಟೆ ಹೊರಳಾಡಿದಳು. ಆಮೇಲೆ ಎದ್ದು ಮುಖ ತೊಳೆದು, ಕಂಪ್ಯೂಟರಿನ ಮುಂದೆ ಕುಳಿತು, ಪತ್ರವನ್ನು ಕೆಂಪಕ್ಷರದಲ್ಲಿ ತಿದ್ದಿ ಕಳಿಸಿದಳು. ಕೆಳಗೆ ಬರೆದಳು: ‘ಬರೆಯುವ ಮುನ್ನ ಬ್ಲಾಗನ್ನು ಒಮ್ಮೆ ಓದಿ. ನಾನು ಹೆಂಗಸು.’

ಮುಂದಿನ ಸೋಮವಾರ ಅದೇ ಪ್ರಚಾರ ಸಂಸ್ಥೆಯಿಂದ, ವ್ಯಾರಾ ಸ್ಟೊಯೆವಾ ಎಂಬ ಅದೇ ಸಹಿಯಲ್ಲಿ ಇನ್ನೊಂದು ಬಂತು. ‘ಮೀನುಗಾರಿಕೆಯ ಕುರಿತ ತಮ್ಮ ಜನಪ್ರಿಯ ಬ್ಲಾಗಿಗೆ...’ ಅವಳು ತಿದ್ದಿದ್ದನ್ನು ಯಾರೂ ನೋಡಿದಂತಿರಲಿಲ್ಲ. ಮತ್ತೆ ತಿದ್ದಿದಳು. ಅದರ ಮುಂದಿನ ವಾರವೂ.

ಒಂದು ದಿನ ಬಾಗಿಲು ತೆರೆದು ತ್ಸೊಂಕಾಳನ್ನು ತಾನೇ ಕರೆದು ಪತ್ರಗಳನ್ನು ತೋರಿಸಿದಳು. ತ್ಸೊಂಕಾಗೂ ಹೆಣಿಗೆಯ ಬ್ಲಾಗ್ ಇತ್ತು.

“ಇಂಥವು ನಂಗೂ ದಿನಾ ಹತ್ತು ಬರ್ತವೆ ಕಣೆ,” ಅಂದಳು ತ್ಸೊಂಕಾ. “ಕಸಕ್ಕೆ ಹಾಕು. ಇಲ್ಲಾ, ಒಂದೇ ಉತ್ತರ ಬರೆದಿಟ್ಕೊಂಡು ಎಲ್ರಿಗೂ ಅದನ್ನೇ ಕಳ್ಸು. ನೀನು ಒಬ್ಬೊಬ್ರಿಗೂ ಪಾಠ ಹೇಳ್ತಾ ಕೂತ್ರೆ ಅವ್ರು ಬಿಡ್ತಾರಾ?”

“ತಪ್ಪು ಹಂಗೇ ಇದ್ರೆ ನಂಗೆ ಮಲಗಕ್ಕಾಗಲ್ಲ.”

“ಅದೂ ಸರಿ. ಮಲಗೇ ಇರೋದಕ್ಕಿಂತ ವಾಸಿ.” ತ್ಸೊಂಕಾ ಸೂಪಿನ ತಟ್ಟೆ ಮುಂದೆ ಸರಿಸಿದಳು. ಮುಂದಿನ ಸಲ ಬಂದಾಗ ಅಂದಳು: “ಅಂದ ಹಾಗೆ ಆ ಗಡ್ಡದ ಎಣ್ಣೆ ನನ್ನ ಗಂಡಂಗೆ ತರೋಣ ಅಂತ ಊರೆಲ್ಲ ಹುಡುಕ್ದೆ. ಅಂಥದ್ದೊಂದು ಇದೆ ಅಂತ್ಲೇ ಯಾರಿಗೂ ಗೊತ್ತಿಲ್ಲ.”

ಆಗಸ್ಟ್‌ನ ಒಂದು ಸೋಮವಾರ ನೆವೆನಾಗೆ ಏಳಲಾಗಲಿಲ್ಲ. ಅದು ಮಗಳು ರಲಿಯ ಹುಟ್ಟುಹಬ್ಬ. ಪತ್ರ ಬಂತು, ಉತ್ತರಿಸಲಿಲ್ಲ. ಮಂಗಳವಾರ ಇನ್ನೊಂದು ಬಂತು. ಅದರಲ್ಲಿ ಒಂದಲ್ಲ, ಹದಿನೇಳು ತಪ್ಪುಗಳು. ಊರಿನ ಹೆಸರು ಕೂಡ ತಪ್ಪು.

ಸಿಟ್ಟಿನಿಂದ ಎದ್ದು ಕುಳಿತಳು. ಐದು ತಿಂಗಳ ನಂತರ ಬ್ಲಾಗಿಗೆ ಬರೆದಳು: ‘ನನಗೆ ಪತ್ರ ಬರೆಯುವುದು ಹೇಗೆ’. ಹೆಸರು ಸರಿಯಾಗಿ ಬರೆಯಿರಿ. ನಾನೇನು ಬರೆಯುತ್ತೇನೆಂದು ತಿಳಿದುಕೊಳ್ಳಿ. ನನ್ನ ಓದುಗರಿಗೆ ಬೇಡವಾದದ್ದನ್ನು ನನ್ನ ತಲೆಗೆ ಕಟ್ಟಬೇಡಿ. ನಾನು ಬೇಡವೆಂದರೆ ಅದು ಬೇಡ ಎಂದೇ ಅರ್ಥ. ಸಂಜೆಯೊಳಗೆ ದೇಶದ ಮೂಲೆಮೂಲೆಯ ಬ್ಲಾಗಿನವರು ತಮಗೆ ಬಂದ ಪತ್ರಗಳನ್ನು ಅದರ ಕೆಳಗೆ ಸುರಿದರು. ನೆವೆನಾ ಒಮ್ಮೆ ನಕ್ಕಳು. ತನ್ನದೇ ದನಿ ಕೇಳಿ ಗಾಬರಿಯಾದಳು.

ಅಕ್ಟೋಬರ್‌ನಲ್ಲಿ ಇನ್ನೊಂದು ಪತ್ರ ಬಂತು.

‘ತಮ್ಮ ಸುಟ್ಟ ಮೆಸಣಿನಕಾಯಿಯ ಜಾಡಿಗಳಿಗೆ...’

ಮೆಸಣಿನಕಾಯಿ. ಆರು ವರ್ಷದ ರಲಿ ಅಂಗಡಿಯ ಚೀಟಿಯಲ್ಲಿ ಹಾಗೇ ಬರೆಯುತ್ತಿದ್ದಳು. ಅದು ತಾಯಿ ಮಗಳ ನಡುವಿನ ನಗು. ಮೂರನೆಯವರಿಗೆ ಗೊತ್ತಿರಲಿಲ್ಲ.

ಈ ಸಲ ತಿದ್ದಲಿಲ್ಲ. ‘ಯಾರು ನೀನು?’ ಎಂದಷ್ಟೇ ಬರೆದಳು. ಉತ್ತರವಿಲ್ಲ. ವಾರವಿಡೀ ಮನೆಯೊಳಗೆ ಯಾರೋ ಓಡಾಡಿದ ಹಾಗಾಯಿತು. ಮಗಳ ಕೋಣೆಯ ಬಾಗಿಲನ್ನು ಎರಡು ಸಲ ತೆರೆದು ನೋಡಿದಳು. ಮುಂದಿನ ಸೋಮವಾರ ಬಂದದ್ದು ಚಪ್ಪಲಿಯ ಜಾಹೀರಾತು. ಕೊನೆಯಲ್ಲಿ: ‘ಕಾಲು ತಣ್ಣಗಿದ್ರೆ ಕನಸೂ ತಣ್ಣಗಿರತ್ತೆ.’ ಅದೂ ರಲಿಯ ಮಾತು. ಜ್ವರ ಬಂದ ಒಂದು ಮಧ್ಯಾಹ್ನ ಆಡಿದ್ದು.

ಯಾರೋ ಮಗಳು ಬರೆದಿಡುತ್ತಿದ್ದ ಡೈರಿ ಕದ್ದಿದ್ದಾರೆ. ಸತ್ತವಳ ಮಾತನ್ನು ಮಾರಾಟಕ್ಕಿಟ್ಟಿದ್ದಾರೆ. ನೆವೆನಾ ಕೋಟು ತೊಟ್ಟಳು. ಮುಂಬಾಗಿಲಲ್ಲಿ ಮಗಳ ಮುಖ ನೋಡದೆ ದಾಟಿ, ಬಸ್ಸು ಹತ್ತಿದಳು.

ಸಂಸ್ಥೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಕಿಟಕಿಯ ಬಳಿ ಸಣಕಲು ಹೆಂಗಸೊಬ್ಬಳು ಕೂತಿದ್ದಳು. ತಲೆಯಲ್ಲಿ ಈಗಷ್ಟೇ ಚಿಗುರಿದಂಥ ಕೂದಲು.

“ವ್ಯಾರಾ ಸ್ಟೊಯೆವಾ ಯಾರು?”

“ನಾನೇ.” ಅವಳು ಎದ್ದು ನಿಂತಳು. “ಕೂತ್ಕೊಳ್ಳಿ, ನೆವೆನಾ ಅಮ್ಮ. ಬಸ್ಸಲ್ಲಿ ಬಂದ್ರಾ? ಒಬ್ರೇ?”

“ನನ್ನ ಮಗಳ ಮಾತು ನಿಂಗೆಲ್ಲಿ ಸಿಕ್ತು? ನಾಚಿಕೆ ಆಗಲ್ವಾ, ಅದನ್ನ ಪತ್ರದಲ್ಲಿ ಬರೆಯೋಕೆ?”

“ಆ ಪತ್ರ ಒಂದೂ ನಾನು ಬರೆದಿದ್ದಲ್ಲ. ನಾನು ಕಳ್ಸೋಳು ಅಷ್ಟೆ.” ವ್ಯಾರಾ ಕುರ್ಚಿ ಎಳೆದು ಅವಳ ಮುಂದಿಟ್ಟಳು. “ಫೆಬ್ರವರಿಲಿ ನಾನೂ ರಲಿನೂ ಒಂದೇ ವಾರ್ಡಲ್ಲಿದ್ವಿ. ಅವಳ ಪಕ್ಕದ ಹಾಸಿಗೆ ನಂದು.”

ಅವಳು ಕಂಪ್ಯೂಟರಿನ ಪರದೆಯನ್ನು ನೆವೆನಾಳ ಕಡೆ ತಿರುಗಿಸಿದಳು. ನೂರಕ್ಕೂ ಹೆಚ್ಚು ಪತ್ರಗಳು ಸಾಲಾಗಿದ್ದವು, ಮುಂದಿನ ಎರಡು ವರ್ಷಗಳ ಸೋಮವಾರಗಳಿಗೆ. ಎಲ್ಲಕ್ಕಿಂತ ಮೇಲೆ ವ್ಯಾರಾಗೆಂದು ಬರೆದ ಚೀಟಿ:

‘ಅಮ್ಮ ಫೋನ್ ಎತ್ತಲ್ಲ, ಊಟ ಬಿಡ್ತಾಳೆ, ಆದ್ರೆ ತಪ್ಪು ಕಂಡ್ರೆ ಎದ್ದು ಕೂರ್ತಾಳೆ, ಉತ್ತರ ಬರದಿದ್ರೆ ಮಾರನೇ ದಿನ ಇನ್ನೂ ಕೆಟ್ಟದ್ದನ್ನ ಕಳ್ಸು, ಅದಕ್ಕೂ ಬರದಿದ್ರೆ ಬಾಗಿಲು ಒಡೆದು ಒಳಗೆ ಹೋಗು — ರಲಿ.’