ಕೊನೆಯ ಸೀಟಿಗೆ ಹೊಸ ಸ್ಪೀಕರ್

ಮನೆಮಂದಿಯೆಲ್ಲ ಹಿಡಿಸುವ ದೊಡ್ಡ ಕಾರು ಅದು. ಕಾಲು ಚಾಚಿಕೊಳ್ಳಬಹುದೆಂದು ಅಮ್ಮ ಯಾವಾಗಲೂ ಕೊನೆಯ ಸೀಟಿನಲ್ಲೇ ಕೂರುತ್ತಿದ್ದಳು. ಅಲ್ಲಿಗೆ ಹಾಡೇ ಕೇಳಿಸುವುದಿಲ್ಲವೆಂಬ ಅವಳ ಗೊಣಗಾಟ ತಾಳಲಾರದೆ ಚಿದಾನಂದ ನಿನ್ನೆಯಷ್ಟೇ ಹಿಂದುಗಡೆ ಎರಡು ಹೊಸ ಸ್ಪೀಕರ್ ಹಾಕಿಸಿದ್ದ.

ಬೆಳಿಗ್ಗೆ ಸೋದರಮಾವ ತೀರಿಕೊಂಡ ಸುದ್ದಿ ಬಂತು. ಅಮ್ಮನಿಗೆ ಮೊದಲೇ ಹೃದಯದ ಕಾಯಿಲೆ. "ನಿನ್ ತಮ್ಮಂಗೆ ಸ್ವಲ್ಪ ಹುಷಾರಿಲ್ವಂತೆ, ನೋಡ್ಕೊಂಡು ಬರೋಣ" ಎಂದಷ್ಟೇ ಹೇಳಿ ಅವನು ಕಾರು ಹೊರಡಿಸಿದ್ದ.

"ಹೊಸ ಸ್ಪೀಕರ್ ಹಾಕ್ಸಿ ಸುಮ್ನೆ ಕೂತಿದ್ದೀಯಲ್ಲೋ. ಒಂದು ಹಾಡು ಹಾಕು" ಎಂದಳು ಅಮ್ಮ ಹಿಂದಿನಿಂದ.

ಸಾವಿನ ಮನೆಗೆ ಹೋಗುವಾಗ ಹಾಡು ಹಾಕುವುದು ಹೇಗೆ?

"ಅದು ಕೆಟ್ಟೋಗಿದೆ ಅಮ್ಮಾ. ವೈರ್ ಲೂಸಾಗಿದೆ."

"ನಿನ್ನೆ ಹಾಕ್ಸಿದ್ದು ಇವತ್ತೇ ಕೆಟ್ಟೋಯ್ತಾ?"

ಅಷ್ಟರಲ್ಲಿ ಫೋನ್ ಬಂತು. ಅಭ್ಯಾಸಬಲದಿಂದ ಅವನ ಹೆಬ್ಬೆರಳು ಸ್ಟೀರಿಂಗಿನ ಗುಂಡಿ ಒತ್ತಿಬಿಟ್ಟಿತು. ಮಾವನ ಮಗನ ದನಿ ಕಾರಿನ ತುಂಬ ಮೊಳಗಿತು.

"ಬಾವಾ, ಎಲ್ಲಿದ್ದೀರಿ? ಅತ್ತೆ ಬಂದು ಮುಖ ನೋಡ್ಲಿ ಅಂತ ಅಪ್ಪನ್ನ ಇನ್ನೂ ಎತ್ತಿಲ್ಲ."

ಚಿದಾನಂದ ತಡಕಾಡಿ ಕರೆ ಕಟ್ ಮಾಡಿದ. ಕನ್ನಡಿಯಲ್ಲಿ ಹಿಂದೆ ನೋಡಲು ಧೈರ್ಯವಾಗಲಿಲ್ಲ.

ಹಿಂದಿನಿಂದ ಅಮ್ಮನ ದನಿ ಬಂತು.

"ಸ್ಪೀಕರ್ ಕೆಟ್ಟಿಲ್ಲ ಕಣಪ್ಪಾ."